ಪಾಲಿಶ್ ಹಾಕಿದ ಇಳಿಜಾರು

ಸೋಮವಾರ ಅಕ್ಕ ನಮ್ಮ ಕುರ್ಚಿ ಕಾರ್ಖಾನೆಗೆ ಕೆಲಸಕ್ಕೆ ಬರುತ್ತಾಳೆ ಎಂದು ತಿಳಿದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆತ್ತ ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಅವಳು ಓಡಾಡುವುದು ಗಾಲಿಕುರ್ಚಿಯಲ್ಲಿ, ನಮ್ಮ ಬಾಗಿಲಿಗೆ ಎರಡು ಮೆಟ್ಟಿಲು. ಏಳು ವರ್ಷ ಮನೆಯಲ್ಲೇ ಕೂತು ಸಣ್ಣಪುಟ್ಟ ಸ್ಟೂಲು ಹೆಣೆದು ಅವಳಿಗೆ ಸಾಕಾಗಿತ್ತು.

"ಒಂದು ದಿನ ನೋಡೋಣ. ಆಗಲಿಲ್ಲ ಅಂದ್ರೆ ಮತ್ತೆ ಕೇಳಬೇಡ," ಎಂದಿದ್ದರು ಯಜಮಾನರು.

ಅದಕ್ಕೇ ಭಾನುವಾರ ನಾನೂ ಬಡಗಿ ಮೇಸ್ತ್ರಿಯೂ ಗುಟ್ಟಾಗಿ ಮೆಟ್ಟಿಲ ಮೇಲೆ ಹಲಗೆಯ ಇಳಿಜಾರು ಕಟ್ಟಿದೆವು. ಐದಡಿ ಉದ್ದ, ತೇಗದ ಮರ. ನಾನು ಪಾಲಿಶ್ ಮಾಡುವವನು, ನನ್ನ ಕೈ ಸುಮ್ಮನಿರುತ್ತದೆಯೇ? ಮೂರು ಕೋಟ್ ಹೊಡೆದೆ. ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಸೋಮವಾರ ಎಲ್ಲರೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಅಕ್ಕ ಅರ್ಧ ಏರಿದಳು. ಗಾಲಿ ಅಲ್ಲೇ ಗಿರಗಿರ ಸುತ್ತಿ, ಜರ್ರನೆ ಹಿಂದಕ್ಕೆ ಜಾರಿತು. ಮೇಸ್ತ್ರಿ ಹಿಡಿಯದಿದ್ದರೆ ಬೀದಿಗೇ ಬೀಳುತ್ತಿದ್ದಳು. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

"ನಾನು ಹೇಳಿರ್ಲಿಲ್ವಾ?" ಎಂದರು ಯಜಮಾನರು. "ಪಾಪ, ಮನೇಲೇ ಇರ್ಲಿ ಬಿಡಪ್ಪ."

"ಪಾಪ ಗೀಪ ಏನೂ ಬೇಡ," ಎಂದ ಅಕ್ಕ ನನ್ನ ಕಡೆ ತಿರುಗಿದಳು. "ಲೋ, ಇದನ್ನ ಹತ್ತೋದು ಯಾರು? ನಾನು ತಾನೇ? ಕಟ್ಟೋ ಮುಂಚೆ ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

ನಾನು ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಟೇಪು ತಂದುಕೊಟ್ಟೆ. ಅಕ್ಕ ಮೆಟ್ಟಿಲಿನ ಎತ್ತರ ಅಳೆದಳು.

"ಅಂಗುಲ ಎತ್ತರಕ್ಕೆ ಅಡಿ ಉದ್ದ ಬೇಕು. ಇಲ್ಲಿ ಹನ್ನೆರಡು ಅಂಗುಲ ಇದೆ, ಲೆಕ್ಕ ಹಾಕ್ಕೋ. ಆ ಪಾಲಿಶ್ ಮೊದಲು ಕೆರೆದು ಹಾಕು!"

ತಾನು ಹಾಕಿದ ಪಾಲಿಶನ್ನು ತಾನೇ ಕೆರೆಯುವುದೆಂದರೆ ಹೊಟ್ಟೆ ಉರಿಯುವ ಕೆಲಸ. ಅಂದು ಮಾತ್ರ ಹಾಡಿಕೊಂಡೇ ಕೆರೆದೆ. ಮೇಸ್ತ್ರಿ ಹಲಗೆ ಜೋಡಿಸಿದರು, ಅಕ್ಕ ಟೇಪು ಹಿಡಿದು ಇಬ್ಬರನ್ನೂ ಗದರಿಸಿದಳು. ಯಜಮಾನರು ಗಡಿಯಾರ ನೋಡುತ್ತಲೇ ಇದ್ದರು.

ಒಂದು ಗಂಟೆಗೆ ಅಕ್ಕ ಮತ್ತೆ ಹೊರಟಳು. ಹಿಂದಿನಿಂದ ತಳ್ಳಲು ಯಜಮಾನರು ಕೈ ಚಾಚಿದರು.

"ಕೈ ತೆಗೀರಿ ಸಾರ್!"

ಹನ್ನೆರಡು ಅಡಿಯನ್ನೂ ಒಬ್ಬಳೇ ಸರಸರನೆ ಏರಿಬಿಟ್ಟಳು. ನಾವೆಲ್ಲ ಹೋ ಎಂದು ಕೂಗಿದೆವು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒಳಗೆ ಬೆತ್ತ ಹೆಣೆಯುವ ಮೇಜಿನ ಮುಂದೆ ಗಾಲಿ ನಿಲ್ಲಿಸಿದಳು. ಮೇಜು ಅವಳ ಕತ್ತಿನವರೆಗೆ ಬಂತು. ನಾವೆಲ್ಲರೂ ಯಜಮಾನರ ಮುಖ ನೋಡಿದೆವು. ಅದು ಅವರ ಅಪ್ಪ ಕೈಯಾರೆ ಮಾಡಿದ ಮೇಜು. ಬೆತ್ತ ಬಿಟ್ಟರೆ ಅದರ ಮೇಲೆ ಯಾರೂ ಒಂದು ಲೋಟವನ್ನೂ ಇಡುವಂತಿರಲಿಲ್ಲ.

ಯಜಮಾನರು ಹೋಗಿ ಗರಗಸ ತಂದರು. ಮೇಜಿನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಅಕ್ಕನನ್ನು ತಲೆಯೆತ್ತಿ ನೋಡಿದರು.

"ಎಷ್ಟು ಕೊಯ್ಲಿ? ನೀನೇ ಹೇಳಮ್ಮ," ಎಂದರು.