ಭೇಟಿಯ ಉದ್ದೇಶ

ದಾವಣಗೆರೆ ಜಿಲ್ಲೆಯಾದ ಮರುವರ್ಷ ನಮ್ಮೂರಿನ ದೊಡ್ಡವರಿಗೆಲ್ಲ ಇದ್ದಕ್ಕಿದ್ದಂತೆ ಪ್ರವಾಸೋದ್ಯಮದ ಮೇಲೆ ಪ್ರೀತಿ ಹುಟ್ಟಿತು. ಜಿಲ್ಲೆಯೆಂದ ಮೇಲೆ ಪ್ರವಾಸಿಗರು ಬೇಕು, ಪ್ರವಾಸಿಗರಿಗೆ ಯೋಜನೆ ಬೇಕು, ಯೋಜನೆಗೆ ಮೊದಲು ಸಂಶೋಧನೆ ಬೇಕು ಎಂದು ಯಾರೋ ಸಭೆಯಲ್ಲಿ ಹೇಳಿದರಂತೆ. ಆ ಸಂಶೋಧನೆ ಬಕ್ಕೇಶ್ ಸರ್ ಪಾಲಿಗೆ ಬಂತು. ಅದರಲ್ಲಿ ಬಿಸಿಲಿಗೆ ನಿಲ್ಲುವ ಭಾಗ ನನ್ನ ಪಾಲಿಗೆ ಬಂತು.

ಸರ್ ಎಂ.ಎ.ಯಲ್ಲಿ ನನಗೆ ಪಾಠ ಹೇಳಿದವರು. ಒಳ್ಳೆಯವರೇ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಸ್ವಭಾವ. ನಾನು ಒಬ್ಬರನ್ನೂ ಮಾತಾಡಿಸುವ ಮೊದಲೇ ಅವರು ವರದಿಯ ಕೊನೆಯ ಅಧ್ಯಾಯ ಬರೆದು ಮುಗಿಸಿದ್ದರು. ಹರಿಹರಕ್ಕೆ ಬರುವವರಿಗೆ ತುಂಗಭದ್ರೆಯಲ್ಲಿ ದೋಣಿ ವಿಹಾರ ಬೇಕು, ಅಷ್ಟೇ. ದಾವಣಗೆರೆ ಕೆ.ಬಿ. ಬಡಾವಣೆಯ ತಮ್ಮ ಮನೆಯ ವರಾಂಡದಲ್ಲಿ ಆ ದೋಣಿಯ ಚಿತ್ರವನ್ನೂ ಬರೆಸಿ ತೂಗುಹಾಕಿದ್ದರು. ಅದಕ್ಕೆ ಹಂಸದ ಮೂತಿ ಇತ್ತು.

"ಬ್ಯಾಸಿಗೆಯಾಗೆ ಹೊಳ್ಯಾಗೆ ಮರಳು ಬಿಟ್ರೆ ಏನೈತೆ ಸರ್?" ಎಂದೆ.

"ಅದನ್ನ ನೀನು ಹೇಳೋದಲ್ಲ ವಾಣಿ, ಜನ ಹೇಳ್ಬೇಕು. ಸಂಶೋಧನೆ ಅಂದ್ರೆ ಅದೇ."

ನನಗೆ ಬೇಕಾಗಿದ್ದೂ ಅದೇ. ಯಾಕೆಂದರೆ ಹೊರಗಿನ ಜನ ಹರಿಹರದ ಗುಡಿಗೆ ಯಾಕೆ ಬರುತ್ತಾರೆಂದು ನನಗೆ ಗೊತ್ತಿತ್ತು. ಕಂಬಗಳ ಕೆತ್ತನೆ ನೋಡಲು ಬರುವವರಿಲ್ಲವೆಂದಲ್ಲ. ಆದರೆ ಬಹಳ ಮಂದಿ ಬರುವುದು ಹೆಣ್ಣು ನೋಡಲು. ಹುಬ್ಬಳ್ಳಿ ಕಡೆಯವರಿಗೂ ಚಿತ್ರದುರ್ಗದ ಕಡೆಯವರಿಗೂ ನಡುವಿನ ಊರು, ರೈಲಿದೆ, ಬಸ್ಸಿದೆ. ಮನೆಗೆ ಕರೆದು ತೋರಿಸಿದರೆ ಓಣಿಗೆಲ್ಲ ಸುದ್ದಿಯಾಗುತ್ತದೆ, ಗಂಡಿನವರು ಒಲ್ಲೆವೆಂದರೆ ಉಪ್ಪಿಟ್ಟೂ ಹೋಯಿತು, ಮಾನವೂ ಹೋಯಿತು. ಗುಡಿಯಲ್ಲಿ ಆ ಭಯವಿಲ್ಲ. ಹೆಣ್ಣಿನವರು ಈ ಕಂಬದ ಬಳಿ, ಗಂಡಿನವರು ಆ ಕಂಬದ ಬಳಿ ಕೂತಿದ್ದು, "ಓಹೋ, ನೀವೂ ಬಂದೀರೇನ್ರಿ? ಅಕಸ್ಮಾತ್ ಸಿಕ್ಕಿದ್ರಿ ನೋಡ್ರಿ!" ಎಂದು ಬೆರಗುಪಡುತ್ತಾರೆ. ಇಬ್ಬರು ದೇವರು ಒಂದೇ ಮೈಯಲ್ಲಿ ಹೊಂದಿಕೊಂಡಿರುವ ಜಾಗವಾದ್ದರಿಂದ ಮನುಷ್ಯರಿಗೂ ಸ್ವಲ್ಪ ಧೈರ್ಯ ಬರುತ್ತದೆ. ಒಪ್ಪಿಗೆಯಾಗದಿದ್ದರೆ ದರ್ಶನವಾದರೂ ಆಯಿತಲ್ಲ ಎಂದು ಬಸ್ಸು ಹತ್ತುತ್ತಾರೆ.

ನನ್ನನ್ನೂ ಅಲ್ಲಿ ಎರಡು ಸಲ ಕೂರಿಸಿದ್ದರು. ಎರಡು ಸಲವೂ ಬಂದವರಿಗೆ ದರ್ಶನವಷ್ಟೇ ಆಯಿತು. ಅದು ಹೋಗಲಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಏಪ್ರಿಲ್ ಬಿಸಿಲಲ್ಲಿ ರೇಷ್ಮೆ ಸೀರೆ ಸುತ್ತಿಕೊಂಡು, ಮುಖ ತೊಳೆಯಲು ನೀರಿಲ್ಲದೆ, ಬೇರೆ ಅವಸರಕ್ಕೆ ಜಾಗವೂ ಇಲ್ಲದೆ, ಹಲ್ಲು ಕಚ್ಚಿ ನಗುತ್ತ ಕೂತದ್ದು. ಆ ಕಾಲಕ್ಕೆ ಯಾವ ಊರಿನಲ್ಲಿ ತಾನೇ ಅಂಥ ಜಾಗವಿತ್ತು? ಆದರೂ ನನ್ನ ಸಿಟ್ಟು ಆರಿರಲಿಲ್ಲ. ಯೋಜನೆಯಲ್ಲಿ ಹಂಸದ ಬದಲು ಹೆಂಗಸರಿಗೊಂದು ಕೋಣೆ, ನೀರು, ಶೌಚಾಲಯ, ಗೋಡೆಗೊಂದು ಕನ್ನಡಿ ಬರಲೇಬೇಕೆಂದು ಹಟ ತೊಟ್ಟೆ. ಅದಕ್ಕೆ 'ಭೇಟಿಯ ಉದ್ದೇಶ' ಎಂಬ ಪ್ರಶ್ನೆಗೆ ಜನ ನಿಜ ಹೇಳಿದರೆ ಸಾಕಿತ್ತು.

ಯಾರೂ ಹೇಳಲಿಲ್ಲ. ಮೊಣಕಾಲುದ್ದದ ಜಡೆಗೆ ಪೂರ್ತಿ ಮಲ್ಲಿಗೆ ಮುಡಿಸಿ ಮಗಳನ್ನು ಕೂರಿಸಿಕೊಂಡ ಯಜಮಾನರೊಬ್ಬರನ್ನು ಕೇಳಿದೆ.

"ಯಾತಕ್ಕೆ ಬಂದಿದ್ರಿ?"

"ದರ್ಶನಕ್ಕೆ."

"ಆ ಕಂಬದ ಹತ್ರ ಇರೋರು ನಿಮ್ಮ ಪೈಕಿ ಏನ್ರಿ?"

"ಯಾರವ್ರು? ನಾವು ಕಂಡೇ ಇಲ್ಲ."

ನಾನು ಬೆನ್ನು ತಿರುಗಿಸಿದ್ದೇ ತಡ, ಕಾಣದವರ ಜೊತೆ ಗುಡಿ ಮುಂದಿನ ಬಡೇಸಾಬರ ಅಂಗಡಿಯಲ್ಲಿ ನಿಂತು ಸೋಡಾ ಕುಡಿಯುತ್ತಿದ್ದರು. ವಾರವಿಡೀ ಇದೇ ಹಣೆಬರಹ. ನಾನು ಬರೆದುಕೊಂಡು ಹೋದದ್ದೆಲ್ಲ ದರ್ಶನ, ದರ್ಶನ, ದರ್ಶನ. ಸರ್‌ಗೆ ಬಹಳ ಖುಷಿಯಾಯಿತು.

"ದರ್ಶನ ಹತ್ತು ನಿಮಿಷಕ್ಕೆ ಮುಗೀತತೆ. ಆಮೇಲೆ ಜನ ಏನ್ ಮಾಡ್ಬೇಕು? ದೋಣಿ!"

"ಅವ್ರು ಹೆಣ್ಣು ನೋಡಾಕೆ ಬರ್ತಾರೆ ಸರ್."

"ನಾಕು ಜನದ ಬಾಯಿಂದ ಹೇಳ್ಸು, ಹಂಸ ಕೈಬಿಡ್ತೀನಿ. ಹಂಗಂತ ನಿಮ್ಮ ಮನೇವ್ರನ್ನೇ ಕೇಳಿ ಬರ್ಕಂಡು ಬರಬ್ಯಾಡ. ಸಂಶೋಧಕರ ಸಂಬಂಧಿಕರ ಉತ್ತರ ನಡಿಯಂಗಿಲ್ಲ, ಅದು ನಿಯಮ."

ಕೊನೆಯ ದಿನ ಭಾನುವಾರ. ನನ್ನನ್ನು ಸಾಕಿದ ದೊಡ್ಡಮ್ಮ ಶಕುಂತಲಮ್ಮ ಬೆಳಗ್ಗೆಯೇ ನನ್ನ ಬೆನ್ನು ಹತ್ತಿದಳು.

"ಇವತ್ತು ರೇಷ್ಮೆ ಸೀರೆ ಉಟ್ಕಳೇ."

"ಬಿಸಿಲಾಗೆ ನಿಲ್ಲಾಕೆ ರೇಷ್ಮೆ ಯಾಕ ದೊಡ್ಡಮ್ಮ?"

"ಸರ್ಕಾರದ ಕೆಲ್ಸ ಅಂತೀಯ. ಒಪ್ಪವಾಗಿ ಹೋಗಬಾರ್ದಾ?"

ನಾನು ಹತ್ತಿಯದನ್ನೇ ಉಟ್ಟು ಹೊರಟೆ. ಎಂದೂ ಇಲ್ಲದವಳು, ತಾನೂ ಮುಂದಿನ ಬಸ್ಸಿಗೆ ದರ್ಶನಕ್ಕೆ ಬರುತ್ತೇನೆಂದಳು. ಅಷ್ಟು ಓದಿದ ನನಗೆ ಆಗಲೂ ಅನುಮಾನ ಬರಲಿಲ್ಲ ನೋಡಿ.

ಗುಡಿಯಲ್ಲಿ ಒಂದು ಕಂಬದ ಬಳಿ ತಾಯಿ ಮಗ ಕೂತಿದ್ದರು. ನಾನು ಪ್ರಶ್ನೆಗಳ ಹಾಳೆ ಸಿಕ್ಕಿಸಿದ ರಟ್ಟು ಹಿಡಿದು ಹತ್ತಿರ ಹೋದದ್ದೇ ಇಬ್ಬರೂ ಎದ್ದು ನಿಂತರು. ಸರ್ಕಾರಕ್ಕೆ ಇಷ್ಟು ಮರ್ಯಾದೆ ಕೊಡುವವರೂ ಇದ್ದಾರಲ್ಲ ಎಂದು ನನಗೆ ಸಂತೋಷವಾಯಿತು.

"ಕೂಡ್ರಿ, ಕೂಡ್ರಿ. ಯಾವೂರು?"

"ರಾಣೆಬೆನ್ನೂರು. ನಾನು ಕೊಟ್ರೇಶ್, ಇವ್ರು ನಮ್ಮವ್ವ ಹಾಲಮ್ಮ."

"ಉದ್ಯೋಗ?"

"ಬೀಜದ ಅಂಗಡಿ ಐತ್ರಿ."

"ತಿಂಗಳ ಆದಾಯ?"

ಹುಡುಗ ತಾಯಿಯ ಮುಖ ನೋಡಿದ. "ಅಂಗಡೀದು ಅಷ್ಟೇ ಹೇಳ್ಲಾ, ಹೊಲದ್ದೂ ಸೇರಿಸ್ಲಾ?"

"ಎಲ್ಡೂ ಹೇಳ್ರಿ."

"ನಮ್ ಕಾಲದಾಗೆ ಹೆಣ್ಮಕ್ಳು ತಲೀನೇ ಎತ್ತುತಿದ್ದಿಲ್ಲ," ಎಂದು ಹಾಲಮ್ಮ ಸೆರಗಿನಿಂದ ಬೆವರು ಒರೆಸಿಕೊಂಡರು. ಸೆಕೆಗೆ ಏನೋ ಗೊಣಗುತ್ತಿದ್ದಾರೆ ಅಂದುಕೊಂಡೆ.

"ಈ ಥರ ಮೊದ್ಲು ಎಲ್ಲೆಲ್ಲಿಗೆ ಹೋಗಿದ್ರಿ?"

ಹುಡುಗನ ಮುಖ ಸಪ್ಪಗಾಯಿತು. "ಹಾವೇರಿಗೊಂದ್ಸಲ, ಶಿಕಾರಿಪುರಕ್ಕೊಂದ್ಸಲ."

"ಅನುಭವ ಹೆಂಗಿತ್ತು?"

"ಹಾವೇರಿಯೋರು ನಮ್ಮನ್ನ ಒಲ್ಲೆ ಅಂದ್ರು. ಶಿಕಾರಿಪುರದೋರನ್ನ ನಾವು ಒಲ್ಲೆ ಅಂದ್ವಿ."

ನನ್ನ ಪೆನ್ನು ನಿಂತಿತು. ಮೆಲ್ಲಗೆ ಕೇಳಿದೆ. "ಮತ್ತೆ... ಇವತ್ತಿನ ಭೇಟಿಯ ಉದ್ದೇಶ?"

"ಹೆಣ್ಣು ನೋಡಾಕೆ ಬಂದೀವ್ರಿ."

ಕುಣಿದುಬಿಡಬೇಕೆನಿಸಿತು. "ನಿಜ ಹೇಳಿದ್ರಲ್ಲ, ನಿಮಗೆ ಪುಣ್ಯ ಬರ್ಲಿ! ಹೆಣ್ಣು ಎಲ್ಲೈತೆ? ಯಾವ ಕಂಬದ ಹತ್ರ?"

"ಕಂಬದ ಹತ್ರ ಇಲ್ರಿ," ಎಂದ ಹುಡುಗ. "ಹುಡುಗಿ ಕೈಯಾಗೆ ರಟ್ಟು ಹಿಡ್ಕಂಡಿರ್ತಾಳೆ ಅಂತ ನಿಮ್ಮ ದೊಡ್ಡಮ್ಮ ಗುರ್ತು ಹೇಳಿದ್ರು."

ಅಷ್ಟರಲ್ಲಿ ದೊಡ್ಡಮ್ಮ ಏದುಸಿರು ಬಿಡುತ್ತ ಬಂದಳು. "ಓಹೋ, ಹಾಲಮ್ಮಾರು! ಅಕಸ್ಮಾತ್ ಸಿಕ್ಕಿದ್ರಿ ನೋಡ್ರಿ!" ಎಂದಳು. ಈ ಸಲ ಯಾರೂ ಬೆರಗುಪಡಲಿಲ್ಲ.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ನನ್ನ ಹತ್ತಿರ ಆದಾಯ ಕೇಳಿಸಿಕೊಂಡ ಮನುಷ್ಯ ಮಾತ್ರ ಮುಂದಿನ ಪ್ರಶ್ನೆಗೆ ಕಾಯುತ್ತ ನಿಂತಿದ್ದ. ಅದನ್ನು ಕಂಡು ನನಗೂ ಮೊಂಡು ಧೈರ್ಯ ಬಂತು. ಹಿಡಿದ ಕೆಲಸ ಬಿಡಬಾರದೆಂದು ಹಾಲಮ್ಮನವರ ಕಡೆ ತಿರುಗಿದೆ.

"ಇಲ್ಲಿ ನಿಮಗೇನು ಕೊರತೆ ಕಾಣ್ತು, ಹೇಳ್ರಿ."

"ಏನ್ ಕೊರತೆ ಅಂತ ಕೇಳ್ತೀಯವ್ವ! ಬೆಳಿಗ್ಗೆ ಬಸ್ ಹತ್ತಿದಾಗಿಂದ ತಡ್ಕಂಡು ಕುಂತೀನಿ. ಎಲ್ಲಿಗೆ ಹೋಗ್ಲಿ?"

"ಇಲ್ಲಿ ದೋಣಿ ಬಿಡಿಸ್ತಾರಂತೆ ಅಮ್ಮಾ."

"ದೋಣಿ ತಗಂಡು ಏನ್ ಮಾಡ್ಲಿ?"

ಇದ್ದ ಸಂಗತಿಯನ್ನೆಲ್ಲ ಹೇಳಿದೆ. ಬಂದವರೆಲ್ಲ ದರ್ಶನ ಎನ್ನುತ್ತಾರೆ, ಅದಕ್ಕೇ ದೋಣಿ ಬರುತ್ತದೆ, ನೀವು ಕೇಳುವುದು ಬರುವುದಿಲ್ಲ ಎಂದೆ. ಹಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಟಪದ ನಡುವೆ ಹೋಗಿ ನಿಂತರು.

"ಏನ್ರಿ ಎಲ್ಲಾರೂ! ನಾವು ಹೆಣ್ಣು ನೋಡಾಕೆ ಬಂದೀವಿ. ನೀವೂ ಅದಕ್ಕೇ ಬಂದೀರಿ. ದೇವ್ರ ಮುಂದೆ ಕುಂತು ಎಷ್ಟು ಸುಳ್ಳು ಹೇಳ್ತೀರಿ? ಈ ಹುಡುಗಿ ಹತ್ರ ನಿಜ ಬರೆಸ್ರಿ, ಹೆಣ್ಮಕ್ಳಿಗೊಂದು ಕಕ್ಕಸಾದ್ರೂ ಆಗ್ಲಿ!"

ಗಂಡಸರು ಕಂಬಗಳ ಕೆತ್ತನೆಯನ್ನು ಅಂದೇ ಮೊದಲ ಸಲ ಗಮನವಿಟ್ಟು ನೋಡಿದರು. ಆಮೇಲೆ ಒಂದು ಮೂಲೆಯಿಂದ ಮಲ್ಲಿಗೆ ಜಡೆಯ ಹುಡುಗಿಯೊಬ್ಬಳು ಎದ್ದು ಬಂದು, "ಕನ್ನಡೀನೂ ಬರ್ಕಳ್ರಿ ಅಕ್ಕ," ಎಂದಳು. ಅವಳ ಹಿಂದೆ ಅವಳ ತಾಯಿ, ತಾಯಿಯ ಹಿಂದೆ ಗಂಡಿನ ಕಡೆಯ ಹೆಂಗಸರು. ಸಂಜೆಯ ಹೊತ್ತಿಗೆ ನನ್ನ ಪೆನ್ನಿನ ಶಾಯಿ ಮುಗಿದಿತ್ತು. ಅಷ್ಟು ಸಂತೋಷ ನನಗೆ ರಿಸಲ್ಟ್ ಬಂದ ದಿನವೂ ಆಗಿರಲಿಲ್ಲ.

ಹೊರಡುವಾಗ ಕೊಟ್ರೇಶ್ ಹತ್ತಿರ ಬಂದ. "ನಂಗೆ ಕೊನೇ ಪ್ರಶ್ನೆ ಕೇಳ್ಲೇ ಇಲ್ಲ ನೀವು."

ರಟ್ಟು ನೋಡಿ ಕೇಳಿದೆ. "ಇಲ್ಲಿಗೆ ಮತ್ತೆ ಬರ್ತೀರಾ?"

"ಅದು ನಿಮ್ಮ ಮ್ಯಾಲೆ ಐತ್ರಿ," ಎಂದು ಹೇಳಿ, ತಾಯಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನತ್ತ ಹೋದ. ದೊಡ್ಡಮ್ಮ ದಾರಿಯುದ್ದಕ್ಕೂ ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

ಮರುದಿನ ಸರ್ ವರಾಂಡದಲ್ಲಿ ಕೂತು ಎಲ್ಲವನ್ನೂ ಓದಿದರು. ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಕೊನೆಗೆ ಗೋಡೆಯ ಹಂಸವನ್ನು ನೋಡಿ ನಿಟ್ಟುಸಿರು ಬಿಟ್ಟು ಅದನ್ನು ಇಳಿಸಿ ಗೋಡೆಗೆ ತಿರುಗಿಸಿ ಇಟ್ಟರು. ಮಾತು ಕೊಟ್ಟರೆ ತಪ್ಪದ ಮನುಷ್ಯ.

"ಕೋಣೆ, ನೀರು, ಕನ್ನಡಿ, ಎಲ್ಲಾ ಬರೀತೀನಿ," ಎಂದರು. "ಆದ್ರೆ ಈ ಮೊದಲ್ನೇ ಉತ್ತರ ಐತಲ್ಲ, ರಾಣೆಬೆನ್ನೂರಿನ ಕೊಟ್ರೇಶ್ ಅಂತ, ಭಾಳ ಚೆಂದ ಐತೆ. ಇದನ್ನ ವರದಿಯ ಮೊದಲ್ನೇ ಪುಟದಾಗೇ ಹಾಕಣ."

ನಾನು ಕೈ ಚಾಚಿ ಆ ಹಾಳೆಯನ್ನು ಕಂತೆಯಿಂದ ಎಳೆದುಕೊಂಡೆ.

"ಇದು ಲೆಕ್ಕಕ್ಕೆ ಬ್ಯಾಡ ಸರ್."

"ಯಾಕಮ್ಮ?"

"ನೀವೇ ಹೇಳಿದ್ರಲ್ಲ ಸರ್. ಸಂಬಂಧಿಕರ ಉತ್ತರ ನಡಿಯಂಗಿಲ್ಲ ಅಂತ."

ಸರ್ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಆಮೇಲೆ ಒಳಮನೆಯ ಕಡೆ ತಿರುಗಿ, "ಏ, ಒಂಚೂರು ಸಕ್ರೆ ತಗಂಡ್ ಬಾರೇ," ಎಂದು ಹೆಂಡತಿಯನ್ನು ಕೂಗಿದರು.