ಭಾರತಮ್ಮನ ನೀಲಿ ಡ್ರಮ್ಮು

ಮುಳಬಾಗಿಲಿನಲ್ಲಿ ನಾಲ್ಕು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುತ್ತಿದ್ದ ಎಂಬತ್ತಾರನೆಯ ಇಸವಿಯಲ್ಲಿ, ಭಾರತಮ್ಮನ ಮನೆಯ ಕುಡಿಯುವ ನೀರಿಗೆ ಇದ್ದದ್ದು ಒಂದೇ ಒಂದು ದೊಡ್ಡ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಕೋಲಾರದಿಂದ ಬಸ್ಸಿನ ಟಾಪಿನ ಮೇಲೆ ಹಾಕಿಸಿ, ದಾರಿಯುದ್ದಕ್ಕೂ ಕಿಟಕಿಯಾಚೆ ಕತ್ತು ಚಾಚಿ ಕಾದುಕೊಂಡು ತಂದದ್ದು. ಅದರ ಮೇಲೆ ಗಂಡ ಕೋದಂಡರಾಮಪ್ಪ ಮೇಷ್ಟ್ರ ಕಣ್ಣು ಬಿತ್ತು. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳುತ್ತಿದ್ದ ಮಹಾನುಭಾವರು. ಗಾಜಿನ ತೊಟ್ಟಿಯಲ್ಲಿ ಅವರು ಸಾಕಿದ್ದ ಆರು ಬಂಗಾರದ ಬಣ್ಣದ ಮೀನುಗಳಿಗೆ ಸೋಸಿದ ನೀರೇ ಬೇಕಂತೆ. ಹೆಂಡತಿಗೆ ಸೋಸಿದ ನೀರು ಬೇಕೇನೋ ಎಂದು ಅವರಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

“ಡ್ರಮ್ಮು ತೊಗೊಂಡ್ರೆ ನೀರು ಎಲ್ಲಿ ತುಂಬಿಡ್ಲಿ, ನಿಮ್ಮ ತಲೆ ಮೇಲಾ?” ಎಂದಳು ಭಾರತಮ್ಮ.

“ಬಿಂದಿಗೆಗಳಿಲ್ವೇನೇ? ನಾನು ಮಾಡೋ ಫಿಲ್ಟರಿಂದ ಒಂದು ಹನಿ ನೀರು ನೆಲಕ್ಕೆ ಬಿದ್ರೂ ಆವತ್ತೇ ನಿನ್ನ ಡ್ರಮ್ಮು ನಿಂಗೆ. ಇದು ನನ್ನ ಮಾತು ಕಣೇ.”

ಆಯುಧಪೂಜೆಯ ಹಿಂದಿನ ದಿನ ಕೆಲಸ ಮುಗಿಯಿತು. ಮೇಜಿನ ಮೇಲೆ ಗಾಜಿನ ತೊಟ್ಟಿ, ಕೆಳಗೆ ಮರಳು ಜಲ್ಲಿ ಹಾಕಿದ ಡ್ರಮ್ಮು. ತೊಟ್ಟಿಯಲ್ಲಿ ಹೆಚ್ಚಾದ ನೀರು ಡ್ರಮ್ಮಿಗಿಳಿದು ಸೋಸಿಕೊಂಡರೆ, ಪುಟ್ಟ ಮೋಟಾರು ಅದನ್ನು ಪೈಪಿನಲ್ಲಿ ಮತ್ತೆ ಮೇಲಕ್ಕೆ ಕಳಿಸುವುದು. ಹಬ್ಬದ ಮರುದಿನ ಬಂದು ನೋಡಿ ಎಂದು ಹೆಡ್‌ಮಾಸ್ತರ್ ದೊಡ್ಡವೆಂಕಟಪ್ಪನವರಿಗೆ ಆಹ್ವಾನವೂ ಹೋಯಿತು.

ಮೋಟಾರು ಕೂರಿಸಿದ ಮೆಕ್ಯಾನಿಕ್ ಜಾನ್ ಪಾಷಾ ಹೊರಡುವಾಗ, “ಸಾರ್, ಪೈಪಿನ ಬಾಯಿ ತೊಟ್ಟಿ ನೀರಲ್ಲಿ ಮುಳುಗಿಸ್ಬೇಡಿ. ಮೋಟ್ರು ನಿಂತ್ರೆ ನೀರೆಲ್ಲ ಅದ್ರಲ್ಲೇ ವಾಪಸ್ ಇಳೀತದೆ,” ಎಂದ.

“ಲೇ ಪಾಷಾ, ನಿಂಗೆ ಸೈಫನ್ ಪಾಠ ಮಾಡ್ದೋನೇ ನಾನು!” ಎಂದು ಮೇಷ್ಟ್ರು ನಕ್ಕರು. ನೀರು ಬೀಳುವ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಆಮೇಲೆ ಪೈಪನ್ನು ತೊಟ್ಟಿಯ ತಳಕ್ಕೇ ಇಳಿಬಿಟ್ಟರು. ಡ್ರಮ್ಮನ್ನೂ ಕಂಠದವರೆಗೆ ತುಂಬಿಸಿದರು.

ಮರುದಿನ ಮೋಟಾರಿಗೆ ವಿಭೂತಿ, ಕುಂಕುಮ. ಪೈಪಿಗೆ ಸೇವಂತಿಗೆ ಹಾರ. “ಇವತ್ತು ಆಯುಧಕ್ಕೆ ವಿಶ್ರಾಂತಿ. ನಾಳೆ ಬೆಳಿಗ್ಗೆವರೆಗೂ ಯಾರೂ ಸ್ವಿಚ್ ಮುಟ್ಟಂಗಿಲ್ಲ, ಮನೆಗೆ ಒಳ್ಳೇದಲ್ಲ,” ಎಂದು ವಿಜ್ಞಾನದ ಮೇಷ್ಟ್ರು ತಾವೇ ಸ್ವಿಚ್ ಆರಿಸಿ, ಮಂಗಳಾರತಿ ಎತ್ತಿ, ಸೈಕಲ್ಲಿನ ಪೂಜೆಗೆಂದು ಬೀದಿಗೆ ಹೋದರು.

ಒಬ್ಬಟ್ಟು ತಟ್ಟುತ್ತಿದ್ದ ಭಾರತಮ್ಮನ ಕಾಲಿಗೆ ಏನೋ ತಣ್ಣಗೆ ತಾಕಿತು. ನಡುಮನೆಯಿಂದ ಅಡುಗೆಮನೆಗೆ ನೀರು ಬರುತ್ತಿತ್ತು, ಸೇವಂತಿಗೆ ಎಸಳುಗಳ ಸಮೇತ. ಡ್ರಮ್ಮು ತುಂಬಿ ಹರಿಯುತ್ತಿತ್ತು. ತೊಟ್ಟಿಯಲ್ಲಿ ಉಳಿದ ಎರಡು ಬೆರಳು ನೀರಿನಲ್ಲಿ ಆರೂ ಮೀನು ಪಟಪಟ ಒದ್ದಾಡುತ್ತಿದ್ದವು.

“ರೀ! ಬನ್ರೀ ಇಲ್ಲಿ! ನಿಮ್ಮ ಸೈಫನ್ನು ಅಡುಗೆಮನೆಗೇ ಬಂದದೆ!”

ಓಡಿ ಬಂದ ಮೇಷ್ಟ್ರ ಕೈ ನೇರ ಸ್ವಿಚ್ಚಿಗೆ ಹೋಯಿತು.

“ಮುಟ್ಟಂಗಿಲ್ಲ! ನಾಳೆ ಬೆಳಿಗ್ಗೆವರೆಗೂ ಅಂದೋರು ನೀವೇ.”

ಕೈ ಅಲ್ಲೇ ನಿಂತಿತು. ಚೊಂಬಿನಲ್ಲಿ ಮೊಗೆದು ತೊಟ್ಟಿಗೆ ಸುರಿದದ್ದೆಲ್ಲ ಪೈಪಿನಲ್ಲಿ ಮತ್ತೆ ಕೆಳಗಿಳಿಯಿತು. ಪೂಜೆಯ ಹಾರ ಸುತ್ತಿದ ಪೈಪನ್ನು ಕೀಳುವಂತೆಯೂ ಇಲ್ಲವಲ್ಲ! ಕೊನೆಗೆ ಮೇಷ್ಟ್ರು ಜರಡಿ ಹಿಡಿದು ಮೀನುಗಳನ್ನು ಒಂದೊಂದಾಗಿ ಡ್ರಮ್ಮಿಗೇ ಬಿಟ್ಟರು.

“ನೀರು ನೆಲಕ್ಕೆ ಬಿತ್ತು. ನನ್ನ ಡ್ರಮ್ಮು ಕೊಡಿ.”

“ಮೂಕಪ್ರಾಣಿಗಳು ಕಣೇ, ಪಾಪ. ಸ್ವಲ್ಪ ದಿನ ಇರ್ಲಿ.”

ಭಾರತಮ್ಮನಿಗೆ ಅಳುವೇ ಬಂತು. ಬೆಳಗಾದರೆ ನಲ್ಲಿ ಬರುವ ದಿನ. ಇರುವ ಎರಡು ಬಿಂದಿಗೆಯಲ್ಲಿ ನಾಲ್ಕು ದಿನ ತಳ್ಳಬೇಕು. ಈ ಮನೆಯಲ್ಲಿ ಪಾಪ ಎನ್ನಿಸಿಕೊಳ್ಳಲು ಮೀನಾಗಿಯೇ ಹುಟ್ಟಬೇಕೇನೋ. ಕಣ್ಣೊರೆಸಿಕೊಂಡು ಖಾಲಿ ತೊಟ್ಟಿಯ ಕಡೆ ನೋಡಿದಳು.

ಮರುದಿನ ಮೇಷ್ಟ್ರು ಏಳುವ ಮೊದಲೇ ಪೈಪು ಕಿತ್ತಿಟ್ಟು, ತೊಟ್ಟಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದಾಯಿತು, ನಲ್ಲಿಯ ನೀರು ತುಂಬಿದ್ದೂ ಆಯಿತು. ಕಣ್ಣುಜ್ಜಿಕೊಂಡು ಬಂದು ನೋಡಿದ ಮೇಷ್ಟ್ರಿಗೆ, “ಕುಡಿಯೋ ನೀರು. ಮುಟ್ಟಂಗಿಲ್ಲ,” ಎಂದಳು.

ಹತ್ತು ಗಂಟೆಗೆ ಹೆಡ್‌ಮಾಸ್ತರು ಬಂದರು. ಆಂಧ್ರದ ಗಡಿಯ ರಾಯಲ್ಪಾಡಿನವರು, ಆಶ್ಚರ್ಯವಾದರೆ ಬಾಯಲ್ಲಿ ತೆಲುಗೇ ಬರುವುದು. ತೊಟ್ಟಿಯ ಮುಂದೆ ಬಗ್ಗಿ ಬಗ್ಗಿ ನೋಡಿ, “ಏಮಯ್ಯಾ ಮೇಷ್ಟ್ರೇ, ಚೇಪಲು ಎಕ್ಕಡ? ಒಂದು ಮೀನೂ ಕಾಣ್ತಿಲ್ಲ?” ಎಂದರು.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಭಾರತಮ್ಮ ತೊಟ್ಟಿಯ ಮುಚ್ಚಳ ಸರಿಸಿ, ಸೌಟಿನಲ್ಲಿ ಮೊಗೆದು ಲೋಟ ತುಂಬಿಸಿ ಕೊಟ್ಟಳು.

“ಕುಡೀರಿ ಸಾರ್. ಇದು ಮನುಷ್ಯರದು. ಮೀನಿಂದು ಕೆಳಗಿದೆ.”

ಹೆಡ್‌ಮಾಸ್ತರು ಗಟಗಟನೆ ಕುಡಿದು, ನೀರು ಚೆನ್ನಾಗಿದೆ ಎಂದರು.