ಒಂದೇ ಹೆಸರು ಬಂದ ವರದಿ

ಲೋಕಲ್ ಟ್ರೇನು ಭಾಂಡುಪ್ ಸ್ಟೇಷನ್ ದಾಟುತ್ತಿದೆ, ಕಿಟಕಿಯಿಂದ ಸುಟ್ಟ ಲೋಹದ ವಾಸನೆ, ಪಕ್ಕದವಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆ, ನನಗೆ ಗೊತ್ತು ಇದು ಸೀಸ, ಬ್ಯಾಟರಿ ಕಾರ್ಖಾನೆಯದು, ಹೋದ ವರ್ಷದವರೆಗೆ ನಾನೂ ಅಲ್ಲೇ — ಕಂಪ್ಯೂಟರ್ ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ಮಗಳು ವನಮಾಲಾ ಪ್ರೋಗ್ರಾಮರ್ ಅಂತ ಅಪ್ಪ ಘಾಟ್ಕೋಪರಿನ ಬಿಲ್ಡಿಂಗ್ ತುಂಬಾ ಹೇಳಿಕೊಂಡು ಬಂದಿದ್ದರು, ಏನು ಪ್ರೋಗ್ರಾಮರ್! ರಕ್ತದಲ್ಲಿ ಸೀಸ ಮಿತಿ ಮೀರಿದ ಕೆಲಸಗಾರರ ಪಟ್ಟಿ ತೆಗೆ, ಇಷ್ಟೇ ಹೇಳಿದ್ದು, ಡೇಟಾಬೇಸಿಗೆ ಕೇಳಿದೆ, ಅದು ಹುಡುಕಿತು, ಸಿಕ್ಕ ಹೆಸರುಗಳೆಲ್ಲ ಒಳಗೆ ಕಾದು ನಿಂತಿದ್ದವು, ನಾನು ಮೊದಲನೆಯದನ್ನು ಎತ್ತಿಕೊಂಡು ಬಾಗಿಲು ಹಾಕಿದೆ — ಮುಗಿಯುವ ತನಕ ಒಂದೊಂದಾಗಿ ತಾ ಎನ್ನುವ ಲೂಪ್ ಬರೆದಿರಲೇ ಇಲ್ಲ. ಪರೀಕ್ಷೆಗೆ ನಾನೇ ತುಂಬಿದ ಸುಳ್ಳು ಹೆಸರುಗಳಲ್ಲಿ ಮಿತಿ ಮೀರಿದವನು ಒಬ್ಬನೇ ಇದ್ದ, ಒಬ್ಬನೇ ಬಂದ, ಸರಿಯಾಗಿದೆ ಅಂದುಕೊಂಡೆ. ನಿಜವಾದ ವರದಿಯಲ್ಲೂ ಒಂದೇ ಹೆಸರು, ವಿಜಯಪುರದ ಸಂಗಪ್ಪ, ಅವನನ್ನು ಸೀಸ ಕರಗಿಸುವ ಭಟ್ಟಿಯಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು, ಆರು ತಿಂಗಳಾದ ಮೇಲೆ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಾನೆ, ನನ್ನೊಬ್ಬನ್ನ ಯಾಕ ತಗದ್ರಿ ಬಾಯಿ, ನನ್ನ ಬಾಜೂ ನಿಲ್ಲೋ ಬಸವಂತಪ್ಪಗ ಕೈ ಎತ್ತಾಕ ಆಗವಲ್ದು, ಅಂವಾ ಇನ್ನೂ ಭಟ್ಟಿ ಮುಂದನ ಅದಾನ. ಪ್ರೋಗ್ರಾಮ್ ತೆರೆದು ನೋಡಿದೆ, ಲೂಪ್ ಸೇರಿಸಲು ನಾಲ್ಕು ಸಾಲು, ಹತ್ತು ನಿಮಿಷ, ಪ್ರಿಂಟರ್ ನಿಲ್ಲುವುದೇ ಇಲ್ಲ — ಮೂವತ್ತೆಂಟು ಹೆಸರು. ಮ್ಯಾನೇಜರ್ ಕೇಶವಮೂರ್ತಿ, ನಮ್ಮ ಮೈಸೂರಿನವರೇ, ಕಾಗದವನ್ನು ನನ್ನ ಕಡೆಗೇ ತಳ್ಳಿದರು, ನೋಡಮ್ಮ, ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ಒಬ್ಬನೇ ಅಂತ ಬರೆದುಕೊಟ್ಟಾಗಿದೆ, ತಪ್ಪು ನಿನ್ನದು, ಪ್ರಮೋಶನ್ ಹೊತ್ತಿನಲ್ಲಿ ಇದೆಲ್ಲ ಯಾಕೆ. ಕಾಗದ ಎತ್ತಿಕೊಂಡು ಎದ್ದು ಬಂದೆ, ಎರಡು ತಿಂಗಳು ಸುಮ್ಮನಿದ್ದೆ, ಹೌದು, ನಾನೇ, ಪ್ರಮೋಶನ್ ಬಂತು, ಅಪ್ಪ ಪೇಢೆ ತಂದು ನನ್ನ ಬಾಯಿಗಿಟ್ಟರು, ಬಚ್ಚಲಿಗೆ ಹೋಗಿ ಉಗುಳಿ ಬಂದೆ. ಮರುದಿನವೇ ಆ ಕಾಗದ ನನ್ನ ಟಿಫಿನ್ ಚೀಲದಲ್ಲಿ ಹೊರಗೆ ಬಂತು, ಸಂಗಪ್ಪನ ಕೈಗೆ, ಅಲ್ಲಿಂದ ಯೂನಿಯನ್ನಿಗೆ, ಉಳಿದ ಮೂವತ್ತೇಳು ಜನರೂ ಭಟ್ಟಿಯಿಂದ ಆಸ್ಪತ್ರೆಗೆ, ನನ್ನಿಂದ ರಾಜೀನಾಮೆ ಬರೆಸಿಕೊಂಡರು. ಧೈರ್ಯದ ಹುಡುಗಿ ಅನ್ನುತ್ತಾರೆ ಎಲ್ಲರೂ, ಅವರು ಭಟ್ಟಿ ಮುಂದೆಯೇ ನಿಂತಿದ್ದ ಆ ಎಂಟು ತಿಂಗಳ ಬಗ್ಗೆ ಒಬ್ಬರೂ ಕೇಳುವುದಿಲ್ಲ, ಕೇಳಿದ್ದರೆ ಹೇಳುತ್ತಿದ್ದೆನೇ — ಬಸವಂತಪ್ಪ ಕೂಡ ಕೇಳಲಿಲ್ಲ, ಮನೆ ಹುಡುಕಿಕೊಂಡು ಬಂದ, ಚಹಾ ಬೇಡ ಅಂದ, ನೀವು ನಮ್ಮನ್ನ ಉಳಿಸಿದ್ರಿ ಬಾಯಿ ಅಂದ, ಹೇಳಬೇಕಿತ್ತು, ಆಗಲಾದರೂ ಹೇಳಬೇಕಿತ್ತು, ಹೊರಡುವಾಗ ಬಾಗಿಲಲ್ಲಿ ತಿರುಗಿ ನನಗೆ ಕೈ ಮುಗಿಯಲು ಹೋದ — ಎಡಗೈ ಎದೆಯವರೆಗೆ ಬಂತು, ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತು ಬಿದ್ದಿತ್ತು, ದಿನವೂ ಕಾಣುತ್ತದೆ, ಈಗಲೂ, ಎದೆಯ ಮುಂದೆ ಎತ್ತಿ ಹಿಡಿದ ಆ ಒಂಟಿ ಅಂಗೈ, ಇನ್ನೊಂದಕ್ಕೆ ಕಾಯುತ್ತಾ.